ನಿನ್ನ ಚಟ, ನನ್ನ ಹೆಸರು

ಆಸ್ಬಿ, ಮೊಂಟಾನಾ
9 ಮಾರ್ಚ್ 1997

ಲೋವೆಲ್,

ನೀನು ಅಲಾಸ್ಕಾ ಮುಟ್ಟಿದ್ದು ಅಮ್ಮನಿಗೆ ಬಂದ ಕಾರ್ಡಿನಿಂದ ಗೊತ್ತಾಯಿತು. ನನಗೊಂದು ಸಾಲು ಬರೆಯಲು ನಿನ್ನ ಕೈಗೇನು ಲಕ್ವ ಹೊಡೆದಿತ್ತಾ? ಇರಲಿ. ಆ ಮೀನಿನ ಕಾರ್ಖಾನೆಗೆಲ್ಲ ಇರುವುದು ಒಂದೇ ಫೋನು, ಅದರ ಮುಂದೆ ಯಾವಾಗಲೂ ಸಾಲು ಅಂತ ಬರೆದಿದ್ದೀಯ. ನಮ್ಮ ಫೋನು ಅಡಿಗೆಮನೆ ಗೋಡೆಯ ಮೇಲೆ, ಅಮ್ಮನ ಕಿವಿಯ ಪಕ್ಕದಲ್ಲಿ. ಹಾಗಾಗಿ ನಮ್ಮಿಬ್ಬರಿಗೂ ಕಾಗದವೇ ಸರಿ.

ಸರ್ಕಾರಿ ವಕೀಲರು ನನ್ನನ್ನು ಡೈವರ್ಷನ್‌ಗೆ ಸೇರಿಸಿಕೊಂಡರು. ಆರು ತಿಂಗಳು ಅವರು ಹೇಳಿದಂತೆ ಕೇಳಿದರೆ ಕೇಸು ವಜಾ. ಆಮೇಲೆ ಒಂದು ಅರ್ಜಿ ಹಾಕಿದರೆ ಪೊಲೀಸ್ ದಾಖಲೆಯಿಂದ ಹೆಸರೂ ಹೋಗುತ್ತದೆ. ಎಲ್ಲಾದರೂ ಎಡವಿದರೆ ಸೀದಾ ಜಡ್ಜ್ ಮುಂದೆ. ಮೊದಲ ಸಲ ಸಿಕ್ಕಿಬಿದ್ದವರಿಗೆ ಮಾತ್ರ ಈ ಸೌಭಾಗ್ಯ, ಅದೂ ಜನ್ಮಕ್ಕೆ ಒಂದೇ ಸಲ. ನವೆಂಬರಿನಲ್ಲಿ ಶೆರಿಫ್‌ನ ಪೇದೆ ನಿನ್ನ ಗಾಡಿಯ ಸೀಟಿನ ಹಿಂದಿಂದ ಆ ನೋವಿನ ಮಾತ್ರೆಯ ಸೀಸೆ ತೆಗೆದು "ಯಾರದ್ದಿದು?" ಅಂದಾಗ ನಾನು "ನಂದು" ಅಂದೆನಲ್ಲ, ಆಗ ಇದೆಲ್ಲ ನನ್ನ ತಲೆಯಲ್ಲಿ ಇರಲಿಲ್ಲ. ಇದು ಅಮ್ಮನ ತಲೆ. ಠಾಣೆಯಿಂದ ಮನೆಗೆ ಬರುವಾಗ ಅವಳೇ ಹೇಳಿದ್ದು: "ಹೇಳಿದ್ದು ಹೇಳಾಯ್ತು, ಇನ್ನು ಬದಲಾಯಿಸ್ಬೇಡ. ಅವನ ಮೇಲೆ ಆಗ್ಲೇ ತಾಮ್ರದ ತಂತಿ ಕದ್ದಿದ್ದು ಇದೆ, ಇನ್ನೊಂದು ಬಿದ್ರೆ ಜೈಲೇ ಗತಿ. ನೀನು ಬಿಳೀ ಹಾಳೆ ಕಣೇ. ನಿಂದು ಅಳಿಸಿ ಹಾಕ್ತಾರೆ." ಬೀದಿ ಕೊನೆಯ ಮನೆಯ ಹುಡುಗನದು ಹಾಗೇ ಅಳಿಸಿದರಂತೆ.

"ಮಾತ್ರೆಗಳು ನನ್ನವು, ನುಂಗುತ್ತಿದ್ದವಳು ನಾನೇ" ಎಂದು ಬರೆದು ಸಹಿ ಹಾಕಿದ್ದೇನೆ. ಸಹಿ ಇಲ್ಲದೆ ಸೇರಿಸಿಕೊಳ್ಳುವುದಿಲ್ಲ.

ತೊಂದರೆ ಶುರುವಾದದ್ದು ಅಲ್ಲಿಂದಾಚೆ. ಪ್ರತಿ ಗುರುವಾರ ಕೌಂಟಿ ಕಚೇರಿಯ ನೆಲಮಾಳಿಗೆಯಲ್ಲಿ ಚಟ ಬಿಡುವವರ ಜೊತೆ ದುಂಡಗೆ ಕುರ್ಚಿ ಹಾಕಿಕೊಂಡು ಕೂರಬೇಕು. ನಡೆಸುವವರು ಮಿಸೆಸ್ ರೈಂಕಿ. ಮೊದಲ ವಾರ ನಾನು, "ನಾನೇನು ಅಷ್ಟೊಂದು ತಗೋತಿರ್ಲಿಲ್ಲ" ಅಂದೆ. ಆಕೆ ನನ್ನ ಮಂಡಿ ತಟ್ಟಿ, "ಎಲ್ರೂ ಹಿಂಗೇ ಅಂತಾರಮ್ಮಾ. ಇಲ್ಲ ಅನ್ನೋದೇ ಈ ಕಾಯಿಲೆಯ ಮೊದಲನೇ ಗುರುತು" ಅಂದರು. ಎರಡನೇ ವಾರವೂ ನಾನು ಬಾಯಿ ಬಿಡದಿದ್ದಾಗ ದನಿ ಗಟ್ಟಿಯಾಯಿತು. ಹೀಗೇ ಇದ್ದರೆ "ಸಹಕರಿಸುತ್ತಿಲ್ಲ" ಎಂದು ಬರೆಯಬೇಕಾಗುತ್ತದಂತೆ. ನಾನು ಹಲ್ಲು ಕೀಳಿಸಿಕೊಂಡಾಗಲೂ ಅರ್ಧ ಆಸ್ಪಿರಿನ್ ನುಂಗಿದವಳು ಕಣೋ. ಏನಂತ ಬಾಯಿ ಬಿಡಲಿ?

ಅದಕ್ಕೇ ನಿನ್ನ ಚಟ ನನಗೆ ಬೇಕು. ಹೇಗೆ ಶುರುವಾಯಿತು, ಹೇಗಿರುತ್ತದೆ, ಎಲ್ಲ ಬಿಡಿಸಿ ಬರೆ. ಡಿಸೆಂಬರಿಗೆ ನನ್ನ ನರ್ಸಿಂಗ್ ಕೋರ್ಸು ಮುಗಿಯುತ್ತದೆ. ನಾನು ಕೆಲಸ ಮಾಡುವ ವೃದ್ಧಾಶ್ರಮದಲ್ಲಿ ಹಾಲ್ವರ್ ತಾತ ಈಗಲೇ, "ನೀನು ನರ್ಸ್ ಆದ್ಮೇಲೆ ಮಾತ್ರೆ ನೀನೇ ಕೊಡು, ಈ ಗಡವ ನರ್ಸು ನನ್ ಗಂಟಲಿಗೆ ತುರುಕ್ತಾನೆ" ಅನ್ನುತ್ತಿದ್ದಾನೆ. ಕೇಸು ಉಳಿದರೆ ಲೈಸೆನ್ಸು ಕನಸಿನ ಮಾತು. ಬೇಗ ಬರೆ.

ಸಿಗ್ರಿಡ್


ಕಾಲ್ಡರ್ ಕೊಲ್ಲಿ, ಅಲಾಸ್ಕಾ
24 ಮಾರ್ಚ್ 1997

ಸಿಗ್ಗಿ,

ನಿನ್ನ ಕಾಗದವನ್ನು ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿ ಓದಿದೆ. ಮೊದಲು ನಗು ಬಂತು, ಆಮೇಲೆ ನಾಚಿಕೆ. ಬೇರೆಯವರ ತಂಗಿಯರು ಅಣ್ಣನ ಹತ್ತಿರ ಲೆಕ್ಕ ಹೇಳಿಸಿಕೊಳ್ಳುತ್ತಾರೆ.

ಒಂದು ಮಾತು. ಅವತ್ತು ಪೇದೆ ಕೇಳಿದಾಗ ನಾನು ಹೇಳಬೇಕೆಂದೇ ಇದ್ದೆ. ಬಾಯಿ ತೆರೆಯುವಷ್ಟರಲ್ಲಿ ನೀನು ಹೇಳಿಬಿಟ್ಟೆ. ನಂಬು ಅಂತ ಬಲವಂತ ಮಾಡುವುದಿಲ್ಲ.

ಸರಿ, ಪಾಠ. ಧಾನ್ಯದ ಗೋಪುರದ ಏಣಿಯಿಂದ ಬಿದ್ದೆನಲ್ಲ, ಆ ಬೆನ್ನುನೋವಿಗೆ ಡಾಕ್ಟರು ಕೊಟ್ಟದ್ದು. ನೀನು ಹಾಲ್ವರ್ ತಾತನನ್ನು ಎತ್ತುವಾಗ ಬೆನ್ನು ಹಿಡಿಯಿತು ಅನ್ನು. ಎರಡನೇ ತಿಂಗಳಿಗೆ ಬೆನ್ನು ಸರಿಹೋಯಿತು. ಅದನ್ನು ಡಾಕ್ಟರಿಗೆ ಹೇಳಲಿಲ್ಲ. ಚಟ ಶುರುವಾದದ್ದು ಮಾತ್ರೆ ನುಂಗಿದ ದಿನ ಅಲ್ಲ, ಅದನ್ನು ಹೇಳದೆ ಬಿಟ್ಟ ದಿನ.

ಹೇಗಿರುತ್ತದೆ ಅಂದರೆ, ಚಳಿಗಾಲದಲ್ಲಿ ಅಮ್ಮ ಬ್ರೆಡ್ ಸುಟ್ಟಾದ ಮೇಲೆ ಓವನ್ನಿನ ಬಾಗಿಲು ತೆಗೆದಿಡುತ್ತಿದ್ದಳು, ನಾವಿಬ್ಬರೂ ಕಾಲ್ಚೀಲ ಒಣಗಿಸುತ್ತಾ ಅದರ ಮುಂದೆ ಕೂರುತ್ತಿದ್ದೆವು. ಅಷ್ಟೇ. ಬೇರೇನೂ ಇಲ್ಲ. ಯಾರೂ ನಿನ್ನನ್ನು ಬೈಯುವುದಿಲ್ಲ, ಎಲ್ಲಿಗೂ ಹೋಗಬೇಕಾಗಿಲ್ಲ. ಆಮೇಲೆ ಯಾರೋ ಆ ಬಾಗಿಲು ಮುಚ್ಚುತ್ತಾರೆ. ಅದನ್ನು ಮತ್ತೆ ತೆರೆಸಲು ನೀನು ಏನು ಬೇಕಾದರೂ ಮಾಡುತ್ತೀಯ.

ಏನು ಬೇಕಾದರೂ ಅಂದೆನಲ್ಲ, ಅದಕ್ಕೊಂದು ಕತೆ ಇದೆ. ಇದನ್ನು ಹೇಳಿದರೆ ನಿನ್ನ ಮಿಸೆಸ್ ರೈಂಕಿ ನಂಬದೇ ಇರಲಾರರು. ಇಂಗಾ ಅತ್ತೆ ಸೊಂಟದ ಕ್ಯಾನ್ಸರಿನಲ್ಲಿ ಮಲಗಿದ್ದಾಗ ನಾನು ಭಾನುವಾರ ಭಾನುವಾರ ಕಾಫಿಗೆ ಹೋಗುತ್ತಿದ್ದೆ, ಎಷ್ಟು ಒಳ್ಳೆ ಹುಡುಗ ಅಂತ ನೀವೆಲ್ಲ ಹೊಗಳುತ್ತಿದ್ದಿರಿ. ಬಚ್ಚಲಲ್ಲಿ ನಲ್ಲಿ ಬಿಟ್ಟು, ಮುಚ್ಚಳದ ಸದ್ದು ಕೇಳದ ಹಾಗೆ ಅವಳ ಸೀಸೆಯಿಂದ ತೆಗೆದುಕೊಂಡು, ಅದೇ ಬಣ್ಣದ ವಿಟಮಿನ್ ಮಾತ್ರೆ ತುಂಬಿಡುತ್ತಿದ್ದೆ. ಅವಳು ಒಂದು ದಿನ, "ಈ ಸಲದ್ದು ಯಾಕೋ ಹಿಡೀತಾನೇ ಇಲ್ಲ ಮಗಾ" ಅಂದಳು. ನಾನು ಅವಳ ದಿಂಬು ಸರಿಮಾಡಿದೆ.

ಹೆಸರು ಹೇಳಬೇಡ. "ಒಬ್ಬ ಮುದುಕಿ" ಅನ್ನು ಸಾಕು.

ಲೋವೆಲ್


ಆಸ್ಬಿ
13 ಏಪ್ರಿಲ್ 1997

ಲೋವೆಲ್,

ನಾನು ನಂಬುವುದಿಲ್ಲ. ಅವತ್ತು ನಿನ್ನ ಬಾಯಿ ತೆರೆದೇ ಇತ್ತು. ಮಾತು ಹೊರಟಿರಲಿಲ್ಲ ಅಷ್ಟೇ.

ಇಂಗಾ ಅತ್ತೆಯ ವಿಷಯ ಓದಿ ಎರಡು ದಿನ ನಿನ್ನ ಕಾಗದ ಮುಟ್ಟಲಿಲ್ಲ. ಕೊನೆಯ ತಿಂಗಳು ಅವಳ ಹತ್ತಿರ ಮಲಗುತ್ತಿದ್ದವಳು ನಾನು. ಹಾಸಿಗೆಯ ಸರಳು ಹಿಡಿದು ಒದ್ದಾಡುತ್ತಿದ್ದಳು. ಹಾಳಾದವನೇ.

ಮೂರನೇ ದಿನ ಗುರುವಾರ. ಬೇರೆ ದಾರಿ ಇರಲಿಲ್ಲ, ಎದ್ದು ನಿಂತು ಎಲ್ಲ ಹೇಳಿದೆ. ಓವನ್ ಬಾಗಿಲು, ನಲ್ಲಿ, ವಿಟಮಿನ್. ದಿಂಬಿನ ಹತ್ತಿರ ಬಂದಾಗ ಅಳು ಬಂತು, ನಿಜವಾದ ಅಳು. ನಾನು ಅತ್ತದ್ದು ಇಂಗಾ ಅತ್ತೆಗಾಗಿ. ಅವರೆಲ್ಲ ಪಶ್ಚಾತ್ತಾಪ ಅಂದುಕೊಂಡರು. ಪಕ್ಕದಲ್ಲಿ ಕೂತಿದ್ದ ಟ್ರಕ್ ಡ್ರೈವರ್ ತನ್ನ ಕರವಸ್ತ್ರ ಕೊಟ್ಟ. ಮಿಸೆಸ್ ರೈಂಕಿ ಅಪ್ಪಿಕೊಂಡು, "ಇವತ್ತು ನೀನು ಹುಟ್ಟಿದೆ ನೋಡಮ್ಮಾ" ಅಂದರು. ಆಮೇಲೆ ಕೂತು ಬಹಳ ಹೊತ್ತು ಬರೆದುಕೊಂಡರು. ಈಗ ನಾನು ಆ ಗುಂಪಿನ ಚಿನ್ನದ ಹುಡುಗಿ.

ಶನಿವಾರ ಕಿತ್ತಳೆ ಬಣ್ಣದ ಜಾಕೆಟ್ ಹಾಕಿಕೊಂಡು ಹೆದ್ದಾರಿ ಬದಿಯ ಕಸ ಹೆಕ್ಕುವುದು. ಅಮ್ಮ ಚರ್ಚಿನಲ್ಲಿ, "ಸಿಗ್ರಿಡ್ ರಸ್ತೆ ಸ್ವಚ್ಛತಾ ಸೇವೆಗೆ ಸೇರ್ಕೊಂಡಿದ್ದಾಳೆ" ಅಂತ ಸಾರಿದ್ದಾಳೆ. ಈಗ ಮೂವರು ಹೆಂಗಸರು ತಾವೂ ಬರುತ್ತೇವೆ ಅಂತ ಬೆನ್ನು ಬಿದ್ದಿದ್ದಾರೆ. ಸೋಮವಾರ ಮೂತ್ರ ಪರೀಕ್ಷೆ, ಒಬ್ಬ ಹೆಂಗಸು ಎದುರಿಗೇ ನಿಂತು ನೋಡುತ್ತಾಳೆ. ನನ್ನ ಲೋಟದಷ್ಟು ಶುದ್ಧವಾದದ್ದು ಈ ಕೌಂಟಿಯಲ್ಲೇ ಇಲ್ಲ.

ಮುಂದಿನ ಪಾಠಕ್ಕೆ ಬಿಟ್ಟ ದಿನ ಬೇಕು. ಕೊನೆಯ ಮಾತ್ರೆ ನುಂಗಿದ ದಿನ. ಅದನ್ನು ಹುಟ್ಟುಹಬ್ಬದ ಹಾಗೆ ನೆನಪಿಟ್ಟುಕೊಳ್ಳಬೇಕಂತೆ. ಬಾಯಿಗೆ ಬಂದ ತಾರೀಖು ಹೇಳಬಹುದು, ಆದರೆ ಉಳಿದದ್ದೆಲ್ಲ ನಿನ್ನದೇ ಇರುವಾಗ ಇದೂ ನಿನ್ನದೇ ಇರಲಿ. ನೀನು ಬಿಟ್ಟಿದ್ದೀಯ ತಾನೇ? ಯಾವತ್ತು?

ಸಿಗ್ರಿಡ್


ಕಾಲ್ಡರ್ ಕೊಲ್ಲಿ
27 ಏಪ್ರಿಲ್ 1997

ಸಿಗ್ಗಿ,

ಈ ಕಾಗದವನ್ನು ನಾನು ಅಂಚೆಗೆ ಹಾಕುವುದಿಲ್ಲ. ಹಾಕುವುದಿಲ್ಲ ಎಂದು ಗೊತ್ತಿರುವುದರಿಂದಲೇ ಬರೆಯಲು ಧೈರ್ಯ ಬಂದಿದೆ.

ಬಿಟ್ಟಿಲ್ಲ. ಇಲ್ಲಿ ಇಡೀ ದಿನ ಮೀನು ಸೀಳಿ ಸೀಳಿ ಎಲ್ಲರ ಮಣಿಕಟ್ಟೂ ಊದಿಕೊಂಡಿರುತ್ತದೆ, ಹಾಗಾಗಿ ಯಾರ ಹತ್ತಿರವಾದರೂ ಮಾತ್ರೆ ಇದ್ದೇ ಇರುತ್ತದೆ. ಹುಡುಕಬೇಕಾಗಿಯೂ ಇಲ್ಲ. ನಿನಗೆ ಆ ಓವನ್ ಬಾಗಿಲಿನ ಬಗ್ಗೆ ಬರೆದೆನಲ್ಲ, ಬರೆಯುತ್ತಾ ಬರೆಯುತ್ತಾ ಆಸೆ ತಡೆಯಲಾಗದೆ ನಡುವೆ ಎದ್ದು ಹೋಗಿ ಒಂದು ನುಂಗಿ ಬಂದೆ. ಇಂಗಾ ಅತ್ತೆಯ ಭಾಗವನ್ನು ಬರೆದದ್ದು ಅದರ ಮೇಲೆ. ಅಷ್ಟು ಚೆನ್ನಾಗಿ ಬಂದದ್ದು ಅದಕ್ಕೇ ಇರಬೇಕು.

ನನ್ನ ಕೋಣೆಯಲ್ಲಿ ಸೆಲ್ಸೊ ಅಂತ ಒಬ್ಬ ಫಿಲಿಪಿನೋ ಇದ್ದಾನೆ, ಅಪ್ಪನ ವಯಸ್ಸು. ಈಗ ತಾನೇ, "ಏನಪ್ಪಾ, ಪ್ರೇಮಪತ್ರಾನಾ?" ಅಂದ. ತಂಗಿಗೆ ಅಂದೆ. "ತಂಗಿಗೆ ಬರೆಯೋಕೆ ಯಾರಾದ್ರೂ ಇಷ್ಟು ಬೆವರ್ತಾರಾ?" ಅಂದ.

ನೀನು ನನ್ನ ಬದಲಿಗೆ ಸಿಕ್ಕಿಬಿದ್ದೆ, ನನ್ನ ಬದಲಿಗೆ ಪಾಠ ಕಲಿತೆ, ನನ್ನ ಬದಲಿಗೆ ಕಣ್ಣೀರು ಹಾಕಿದೆ. ಬಿಡುವುದೊಂದನ್ನಾದರೂ ನಾನು ಮಾಡಬೇಕಿತ್ತು. ಅದೂ ಆಗಲಿಲ್ಲ. ಥೂ.

ಲೋವೆಲ್


ಕಾಲ್ಡರ್ ಕೊಲ್ಲಿ
28 ಏಪ್ರಿಲ್ 1997

ಸಿಗ್ಗಿ,

ಫೆಬ್ರವರಿ 11. ಊರು ಬಿಟ್ಟು ವಿಮಾನ ಹತ್ತಿದ ದಿನ. ಉಳಿದಿದ್ದನ್ನು ವಿಮಾನ ನಿಲ್ದಾಣದ ಕಕ್ಕಸಿಗೆ ಸುರಿದು ನೀರು ಬಿಟ್ಟೆ. ಅದಾದ ಮೇಲೆ ಮುಟ್ಟಿಲ್ಲ. ಅಲ್ಲಿ ಹೇಳುವಾಗ ಕಕ್ಕಸಿನ ವಿಷಯ ಸೇರಿಸು, ಜನಕ್ಕೆ ಹಿಡಿಸುತ್ತದೆ. ನಾನು ಆರಾಮಾಗಿದ್ದೇನೆ. ಹೊಟ್ಟೆ ತುಂಬ ಸಾಲ್ಮನ್, ಕಣ್ತುಂಬ ನಿದ್ದೆ.

ಲೋವೆಲ್


ಕಾಲ್ಡರ್ ಕೊಲ್ಲಿ
20 ಜುಲೈ 1997
(ಕಾರ್ಡು)

ಮೀನಿನ ಸುಗ್ಗಿ. ಕೈ ಬಿಡುವಿಲ್ಲ. ಮೂರು ಕಾಗದ ಬಂದಿವೆ, ಬೈಯಬೇಡ. ಬರೆಯುತ್ತೇನೆ. ಲೋ.


ಆಸ್ಬಿ
14 ಸೆಪ್ಟೆಂಬರ್ 1997

ಲೋವೆಲ್,

ಮುಗಿಯಿತು! ಬುಧವಾರ ಕೋರ್ಟಿನಲ್ಲಿ ಜಡ್ಜ್ ನನ್ನ ಹೆಸರು ಕರೆದು, "ಕೇಸು ವಜಾ ಮಾಡಿದ್ದೇನೆ. ನಿನ್ನನ್ನ ಮತ್ತೆ ಇಲ್ಲಿ ನೋಡೋ ಹಂಗಾಗದೇ ಇರಲಿ" ಅಂದರು. ಎರಡು ನಿಮಿಷವೂ ಆಗಲಿಲ್ಲ. ಆಚೆ ಬಂದ ಮೇಲೆ ಅಮ್ಮ, "ನಾನ್ ಹೇಳಿರ್ಲಿಲ್ವಾ? ಹಾಳೆ ಮತ್ತೆ ಬಿಳೀ ಆಯ್ತು ನೋಡು" ಅಂದಳು. ಕೋರ್ಟು ಕೊಟ್ಟಿದ್ದ ವಕೀಲ ಅವಳ ಕಡೆ ನೋಡಿ ಸುಮ್ಮನೆ ಕೆಮ್ಮಿದ. ದಾಖಲೆ ಅಳಿಸುವ ಅರ್ಜಿಯನ್ನು ಅವತ್ತೇ ಹಾಕಿದೆ. ಎಷ್ಟೋ ಜನ ವಜಾ ಆದರೆ ಎಲ್ಲ ಮುಗಿಯಿತು ಅಂದುಕೊಂಡು ಅದನ್ನು ಹಾಕುವುದೇ ಇಲ್ಲವಂತೆ.

ಕೊನೆಯ ಗುರುವಾರ ನೆಲಮಾಳಿಗೆಯಲ್ಲಿ ಕೇಕು ಕತ್ತರಿಸಿದರು. ಟ್ರಕ್ ಡ್ರೈವರ್, "ನಿನ್ನ ಆ ಓವನ್ ಬಾಗಿಲ ಮಾತು ಕೇಳಿ ನಾನು ಬಿಟ್ಟೆ ತಾಯಿ" ಅಂದ. ಅವನ ಮುಖ ನೋಡಲಾಗಲಿಲ್ಲ. ಅದು ಅಣ್ಣನ ಮಾತು ಎಂದು ಹೇಗೆ ಹೇಳಲಿ?

ನೀನು ಬಿಟ್ಟು ಏಳು ತಿಂಗಳು. ನಿನ್ನ ಪಾಲಿನ ಕೇಕನ್ನೂ ನಾನೇ ತಿಂದೆ.

ಸಿಗ್ರಿಡ್


ಕಾಲ್ಡರ್ ಕೊಲ್ಲಿ
5 ಅಕ್ಟೋಬರ್ 1997

ನನ್ನ ಚಿನ್ನದಂಥ ಸಿಗ್ಗಿ,

ನಿನ್ನ ಕಾಗದ ಓದಿ ಕುಣಿದುಬಿಟ್ಟೆ. ಸೆಲ್ಸೊ ಹಿಡಿದು ಕೂರಿಸಿದ. ಎದೆಯ ಮೇಲಿನ ಚಪ್ಪಡಿ ಇಳಿದ ಹಾಗಾಯಿತು. ನನ್ನಿಂದ ಆದದ್ದು ಆಗದ ಹಾಗೇ ಆಯಿತಲ್ಲ! ಅಮ್ಮನ ಬುದ್ಧಿಯೇ ಬುದ್ಧಿ. ಇನ್ನು ಆ ವಿಷಯ ನಾವು ಮಾತಾಡುವುದೇ ಬೇಡ. ನೀನು ನರ್ಸ್ ಆದ ದಿನ ಹಾಲ್ವರ್ ತಾತನಿಗೆ ನನ್ನ ಲೆಕ್ಕದಲ್ಲಿ ಒಂದು ಮಾತ್ರೆ ಹೆಚ್ಚಿಗೆ ಕೊಡು. ತಮಾಷೆಗೆ ಅಂದೆ. ಕ್ರಿಸ್‌ಮಸ್‌ಗೆ ಬರಲು ನೋಡುತ್ತೇನೆ.

ಲೋವೆಲ್


ಆಸ್ಬಿ
16 ನವೆಂಬರ್ 1997

ಲೋವೆಲ್,

ಲೈಸೆನ್ಸಿನ ಅರ್ಜಿ ಬಂತು. ಅದರಲ್ಲೊಂದು ಪ್ರಶ್ನೆ. ಯಾವತ್ತಾದರೂ ನಿಮ್ಮ ಮೇಲೆ ಆರೋಪ ಬಂದಿತ್ತೇ? ವಜಾ ಆಗಿದ್ದರೂ, ಅಳಿಸಿಹೋಗಿದ್ದರೂ, ಡೈವರ್ಷನ್‌ನಲ್ಲಿ ಮುಗಿದಿದ್ದರೂ ಹೇಳತಕ್ಕದ್ದು.

ಅಡಿಗೆಮನೆಯಲ್ಲಿ ಅಮ್ಮನಿಗೆ ಓದಿ ಹೇಳಿದೆ. "ಅಳಿಸಿದ್ಮೇಲೆ ಅದು ಇಲ್ವಲ್ಲೇ? ಇಲ್ಲ ಅಂತ ಬರಿ" ಅಂದಳು. ಪೊಲೀಸರ ಹತ್ತಿರ ವಿಚಾರಿಸಿದರೆ ಈಗ ನನ್ನ ಹೆಸರಲ್ಲಿ ಏನೂ ಬರುವುದಿಲ್ಲ, ಅದು ನಿಜ. ಆದರೆ ನರ್ಸಿಂಗ್ ಮಂಡಳಿಯವರು ಕೇಳುವುದು ಪೊಲೀಸರನ್ನಲ್ಲ, ನನ್ನನ್ನು. ಇಲ್ಲ ಅಂತ ಬರೆದು ಸಿಕ್ಕಿಬಿದ್ದರೆ ಸುಳ್ಳು ಹೇಳಿದ್ದಕ್ಕೇ ಲೈಸೆನ್ಸು ಶಾಶ್ವತವಾಗಿ ಹೋಗುತ್ತದೆ. ಹೌದು ಅಂತ ಬರೆದೆ. ವಜಾ ಆದ ಸಣ್ಣ ಕೇಸು, ಒಂದು ಎಚ್ಚರಿಕೆ ಕೊಟ್ಟು ಬಿಡುತ್ತಾರೆ ಅಂದಿದ್ದ ವಕೀಲ.

ಅವರು ಮಿಸೆಸ್ ರೈಂಕಿಯವರ ವರದಿ ತರಿಸಿಕೊಂಡರು. ಅದರ ನಕಲು ನನಗೂ ಬಂದಿದೆ. ಪಾಪ, ಆಕೆ ಹೊಗಳಿಯೇ ಬರೆದಿದ್ದಾರೆ, ಇಷ್ಟು ಪ್ರಾಮಾಣಿಕವಾಗಿ ಒಪ್ಪಿಕೊಂಡವರನ್ನು ನೋಡಿಲ್ಲ ಅಂತ. ಅದರ ಕೆಳಗೆ ನೀನು ಬರೆದ ಸಾಲುಗಳು ಸಾಲು ಸಾಲಾಗಿ ನಿಂತಿವೆ. ನಲ್ಲಿ ಬಿಟ್ಟದ್ದು, ಮುಚ್ಚಳ, ವಿಟಮಿನ್. "ಕಾಯಿಲೆಯಿಂದ ಮಲಗಿದ್ದ ವೃದ್ಧೆಯ ನೋವಿನ ಮಾತ್ರೆಗಳನ್ನು ಕದ್ದು, ಬದಲಿ ಮಾತ್ರೆ ತುಂಬಿಡುತ್ತಿದ್ದುದಾಗಿ ತಾನೇ ಹೇಳಿರುತ್ತಾಳೆ." ನರ್ಸ್ ಆಗಲು ಹೊರಟವಳ ಬಗ್ಗೆ ಇದು ಕಣೋ. ವೃದ್ಧಾಶ್ರಮದ ನರ್ಸ್!

ಕೋರ್ಟು ಕೇಸನ್ನು ಅಳಿಸಿತು. ಕೇಸಿನಲ್ಲಿ ಇದ್ದದ್ದು ಒಂದು ಸೀಸೆ ಮಾತ್ರ. ಉಳಿದದ್ದನ್ನೆಲ್ಲ ನಾನೇ ನನ್ನ ಬಾಯಾರೆ ಹೇಳಿ, ಅತ್ತು, ಬರೆಸಿದ್ದೇನೆ. ಅದನ್ನು ಅಳಿಸಲು ಯಾವ ಅರ್ಜಿಯೂ ಇಲ್ಲ. ಸುಮ್ಮನೆ ಬೆನ್ನುನೋವಿಗೆ ನಾಲ್ಕು ಮಾತ್ರೆ ನುಂಗಿದೆ ಅಂದಿದ್ದರೂ ಆಕೆಗೆ ಸಾಕಾಗುತ್ತಿತ್ತೇನೋ. ನೀನು ಅಷ್ಟು ಚೆನ್ನಾಗಿ ಯಾಕೆ ಬರೆದೆ?

ಜನವರಿ ಹದಿನಾಲ್ಕಕ್ಕೆ ರಾಜ್ಯದ ರಾಜಧಾನಿಯಲ್ಲಿ, ಮಂಡಳಿಯ ಮುಂದೆ ವಿಚಾರಣೆ. ಹಾಲ್ವರ್ ತಾತನಿಗೆ ಏನೂ ಹೇಳಿಲ್ಲ.

ಸಿಗ್ರಿಡ್


ಕಾಲ್ಡರ್ ಕೊಲ್ಲಿ
2 ಡಿಸೆಂಬರ್ 1997

ಸಿಗ್ಗಿ,

ನಾನು ಬರುತ್ತೇನೆ. ಅವರ ಮುಂದೆ ನಿಂತು ಎಲ್ಲ ಹೇಳುತ್ತೇನೆ. ಸೀಸೆ ನನ್ನದು, ಅತ್ತೆ ನನ್ನ ಪಾಪ, ಇವಳು ಮಾತ್ರೆಯ ವಾಸನೆಯನ್ನೂ ನೋಡಿದವಳಲ್ಲ ಅಂತ. ಜೈಲಿಗೆ ಹಾಕಲಿ. ನಿನಗೆ ಒಳ್ಳೆಯದು ಮಾಡುತ್ತೇನೆ ಅಂತ ಕೂತು ನನ್ನ ಕೈಯಾರೆ ನಿನ್ನ ಕುತ್ತಿಗೆಗೆ ಹಗ್ಗ ಹೊಸೆದುಕೊಟ್ಟೆ. ಬಾ ಅಂತ ಒಂದು ಮಾತು ಬರೆ, ಮುಂದಿನ ವಿಮಾನಕ್ಕೇ ಹೊರಡುತ್ತೇನೆ.

ಲೋವೆಲ್


ಆಸ್ಬಿ
18 ಜನವರಿ 1998

ಲೋವೆಲ್,

ಬಾ ಅಂತ ಬರೆಯಲಿಲ್ಲ, ನೀನು ಬರಲಿಲ್ಲ. ಬರಬೇಕೆನ್ನಿಸಿದವನು ಅಪ್ಪಣೆ ಕೇಳುತ್ತಾನಾ? ಇದನ್ನು ಬರೆಯಬಾರದು ಅಂದುಕೊಂಡಿದ್ದೆ, ಬರೆದಾಯಿತು.

ಬಂದಿದ್ದರೂ ಹೋಗು ಅನ್ನುತ್ತಿದ್ದೆ. ವಕೀಲನನ್ನು ಬೇರೆ ಯಾರದೋ ವಿಷಯ ಎಂಬಂತೆ ಕೇಳಿದ್ದೆ. "ಮಾತ್ರೆ ಬೇರೆಯವರದು ಅಂತ ಆಮೇಲೆ ಗೊತ್ತಾದ್ರೆ?" ಅವನು, "ಪೇದೆಗೆ ಸುಳ್ಳು, ಕೋರ್ಟಿಗೆ ಬರ್ಕೊಟ್ಟ ಕಾಗದ ಸುಳ್ಳು. ಹೊಸ ಕೇಸು. ಈ ಸಲ ಡೈವರ್ಷನ್ ಇಲ್ಲ, ಅದು ಖರ್ಚಾಗೋಯ್ತಲ್ಲ" ಅಂದ. ಆಮೇಲೆ ನನ್ನ ಮುಖವನ್ನೇ ನೋಡುತ್ತಾ, "ಅವರಿಗೆ ಹೇಳು, ಸುಮ್ನಿರೋದು ಒಳ್ಳೇದು" ಅಂದ. ನಾನು ಚಟವಿರುವ ನರ್ಸ್ ಆಗಬಹುದು, ಇಲ್ಲವೇ ಸುಳ್ಳುಗಾತಿ ಅಪರಾಧಿ ಆಗಬಹುದು. ಮೂರನೆಯದು ಇಲ್ಲ.

ಉದ್ದ ಮೇಜಿನ ಹಿಂದೆ ಐದು ಜನ. ಬಲಗೈ ಎತ್ತಿಸಿ ಪ್ರಮಾಣ ಮಾಡಿಸಿದರು. ನಡುವೆ ಕೂತಿದ್ದ ಹೆಂಗಸು ವರದಿಯನ್ನು ಮುಂದಿಟ್ಟುಕೊಂಡು ಕೇಳಿದಳು.

"ಆ ಮುದುಕಿ ಬದುಕಿದ್ದಾರಾ?"

"ಇಲ್ಲ."

"ನೋವಲ್ಲೇ ಹೋದ್ರಾ?"

"ಹೌದು."

"ನಿಂಗೆ ಏನನ್ನಿಸುತ್ತೆ ಅದನ್ನ ನೆನೆಸ್ಕೊಂಡ್ರೆ?"

ಏನು ಹೇಳಲಿ ಲೋವೆಲ್? ನಿನಗೆ ಏನನ್ನಿಸಬೇಕಿತ್ತೋ ಅದನ್ನೆಲ್ಲ ನಾನು ಹೇಳಿದೆ. ರಾತ್ರಿ ಅವಳ ಕೈ ಕಾಣುತ್ತದೆ ಅಂದೆ, ಹಾಸಿಗೆಯ ಸರಳು ಹಿಡಿದ ಕೈ. ಅದು ಸುಳ್ಳಲ್ಲ, ನನಗೆ ಕಾಣುತ್ತದೆ.

"ಕಡೇ ಸಲ ತಗೊಂಡಿದ್ದು ಯಾವತ್ತು?" ಅಂದಳು. ಫೆಬ್ರವರಿ 11 ಅಂದೆ. "ಖಂಡಿತಾನಾ?" ಅಂದಳು. ಖಂಡಿತ ಅಂದೆ. ಆ ಕೋಣೆಯಲ್ಲಿ ನಾನು ಆಡಿದ ಮಾತಿನಲ್ಲಿ ಸಂಕೋಚವಿಲ್ಲದೆ ಆಡಿದ್ದು ಅದೊಂದೇ. ಕಕ್ಕಸಿಗೆ ಸುರಿದೆ ಅಂತ ಬರೆದಿದ್ದೆಯಲ್ಲ, ಅದು ಕಣ್ಣ ಮುಂದೆ ಇತ್ತು. ನಾನು ಇಷ್ಟೆಲ್ಲ ಹೊತ್ತದ್ದಕ್ಕೆ ಅಣ್ಣನಾದರೂ ಸರಿಹೋದ ಅನ್ನುವ ಸಮಾಧಾನ ಇತ್ತು.

ಲೈಸೆನ್ಸು ಕೊಟ್ಟಿದ್ದಾರೆ, ಷರತ್ತಿನ ಮೇಲೆ. ಮೂರು ವರ್ಷ ಸೋಮವಾರದ ಲೋಟ ತಪ್ಪುವುದಿಲ್ಲ. ಔಷಧಿ ಬೀರುವಿನ ಕೀಲಿ ಮುಟ್ಟುವ ಹಾಗಿಲ್ಲ. ಮಂಡಳಿಯ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಇದೆಲ್ಲ ಇರುತ್ತದೆ, ಯಾರು ಬೇಕಾದರೂ ಕೇಳಿ ತಿಳಿಯಬಹುದು. ಶುಕ್ರವಾರ ಕೆಲಸಕ್ಕೆ ಹೋದೆ. ಹಾಲ್ವರ್ ತಾತ, "ಬಂದ್ಯಾ? ಕೊಡು ಮತ್ತೆ, ನಿನ್ ಕೈಯಾರೆ" ಎಂದು ಅಂಗೈ ಚಾಚಿದ. ಆ ಗಡವನನ್ನೇ ಕರೆದು ಕೊಡಿಸಿದೆ. ತಾತ ನನ್ನ ಕಡೆ ನೋಡಲಿಲ್ಲ. ಯಾರೋ ಅವನಿಗೆ ಹೇಳಿದ್ದಾರೆ.

ಬರುವ ತಿಂಗಳು ಹನ್ನೊಂದಕ್ಕೆ ನೀನು ಬಿಟ್ಟು ಒಂದು ವರ್ಷ. ಅಮ್ಮ ಓವನ್ ಹಚ್ಚಿ ಬ್ರೆಡ್ ಸುಡುತ್ತಾಳಂತೆ. ಆ ತಾರೀಖು ನಿಜ ತಾನೇ? ಪ್ರಮಾಣ ಮಾಡಿದ್ದೇನೆ ಕಣೋ. ನಿಜ ಅಂತ ಒಂದು ಸಾಲು ಬರೆ.

ಸಿಗ್ರಿಡ್


ಆಂಕರೇಜ್, ಅಲಾಸ್ಕಾ
10 ಫೆಬ್ರವರಿ 1998

ಸಿಗ್ಗಿ,

ಆ ತಾರೀಖು ಸುಳ್ಳು.

ಮೊದಲ ಸಾಲಿನಲ್ಲೇ ಬರೆದುಬಿಟ್ಟೆ. ಇಲ್ಲದಿದ್ದರೆ ಮೀನು, ಚಳಿ, ಸೆಲ್ಸೊ ಅಂತ ಏನೇನೋ ಬರೆದು ಪುಟ ತುಂಬಿಸುತ್ತಿದ್ದೆ. ಜೊತೆಗೆ ಹೋದ ಏಪ್ರಿಲ್‌ನಲ್ಲಿ ಬರೆದು ಹಾಕದೆ ಇಟ್ಟುಕೊಂಡಿದ್ದ ಕಾಗದ ಇದೆ, ಓದು. ಬರುತ್ತೇನೆ ಅಂತ ಡಿಸೆಂಬರಿನಲ್ಲಿ ಬರೆದಾಗಲೂ ಜೇಬಿನಲ್ಲಿ ಸೀಸೆ ಇತ್ತು. ನೀನು ಬೇಡ ಅನ್ನುತ್ತೀಯ ಎಂದು ಗೊತ್ತಿದ್ದೇ ಅಪ್ಪಣೆ ಕೇಳಿದೆ. ಪೇದೆಯ ಮುಂದೆ ನನ್ನ ಬಾಯಿ ತೆರೆದೇ ಇತ್ತು ಅಂದೆಯಲ್ಲ, ಅದೂ ಸರಿ. ನೀನು ಹೇಳಲಿ ಅಂತಲೇ ಕಾದೆ.

ನಿನ್ನ ಕಾಗದ ಬಂದ ದಿನ ಸೀಸೆಯನ್ನು ಸೆಲ್ಸೊನ ಕೈಗೆ ಕೊಟ್ಟು, "ಇದನ್ನ ಸಮುದ್ರಕ್ಕೆ ಹಾಕು" ಅಂದೆ. "ಮೀನಿಗೂ ಚಟ ಹಿಡಿಸ್ತೀಯಾ?" ಎಂದು ಒಲೆಗೆ ಹಾಕಿದ. ಕೆಲಸ ಬಿಟ್ಟು ಇಲ್ಲಿಗೆ ಬಂದೆ, ಚಟ ಬಿಡುವವರ ಗುಂಪೊಂದಕ್ಕೆ ಸೇರಿದೆ. ಇಲ್ಲಿಯದೂ ನೆಲಮಾಳಿಗೆಯೇ, ದುಂಡಗೆ ಹಾಕಿದ ಕುರ್ಚಿಗಳೇ. ನಡೆಸುವವನು, "ಯಾವ ಕೋರ್ಟು ಕಳಿಸಿದ್ದು?" ಅಂದ. ಯಾವುದೂ ಇಲ್ಲ ಅಂದೆ. "ಹಂಗಾದ್ರೆ ಆರಾಮಾಗಿ ಮಾತಾಡಪ್ಪ. ನಿನ್ ವಿಷಯ ನಾವ್ ಯಾರಿಗೂ ಬರೀಬೇಕಾಗಿಲ್ಲ" ಅಂದ.

ಮಾಡಿದವನು ನಾನು, ನಾನೆಷ್ಟು ಹೇಳಿದರೂ ಎಲ್ಲೂ ಬರೆದುಕೊಳ್ಳುವುದಿಲ್ಲ. ಮಾಡದವಳು ನೀನು, ನೀನು ಹೇಳಿದ ಒಂದೊಂದು ಅಕ್ಷರವೂ ಬರೆದಿಟ್ಟಿದೆ. ಎದ್ದು ನಿಂತೆ. ಓವನ್ ಬಾಗಿಲು, ನಲ್ಲಿ, ದಿಂಬು, ಯಾವುದನ್ನು ಶುರುಮಾಡಿದರೂ ಅದು ನಿನ್ನ ಮಾತಾಗಿತ್ತು, ನೀನು ನನಗಿಂತ ಮೊದಲು ಹೇಳಿ ನನಗಿಂತ ಹೆಚ್ಚು ಅತ್ತಿದ್ದೀಯ. ನೀನು ಹೇಳದೆ ಉಳಿಸಿದ್ದು ಒಂದೇ ವಾಕ್ಯ. "ಆ ಮಾತ್ರೆ ನಂದು, ನನ್ನ ತಂಗೀದಲ್ಲ" ಅಂದು ಕೂತೆ.

ನಿನಗೆ ಸೋಮವಾರ ಸೋಮವಾರ ಪರೀಕ್ಷೆ. ಇಲ್ಲಿ ಯಾರೂ ಕೇಳುವುದಿಲ್ಲ, ಆದರೂ ನನಗೂ ಸೋಮವಾರವೇ ಮಾಡಿ ಅಂದೆ, ಫಲಿತಾಂಶವನ್ನು ಬರೆದು ಕೊಡಿ ಅಂದೆ. ಅವನಿಗೆ ಆಶ್ಚರ್ಯ. "ಎಲ್ರೂ ಬರೀಬೇಡಿ ಅಂತಾರೆ, ನೀನೊಬ್ಬ" ಅಂದ.

ನಿನ್ನೆ ಮೊದಲನೆಯದು ಆಯಿತು. ಚೀಟಿಯನ್ನು ಇದರ ಜೊತೆ ಇಟ್ಟಿದ್ದೇನೆ. ಮಂಡಳಿಗೆ ತೋರಿಸುತ್ತೀಯೋ, ಒಲೆಗೆ ಹಾಕುತ್ತೀಯೋ, ನಿನಗೆ ಬಿಟ್ಟದ್ದು. ಇದನ್ನು ನಾನೂ ತೀರ್ಮಾನಿಸಬಾರದು, ಅಮ್ಮನೂ ತೀರ್ಮಾನಿಸಬಾರದು. ಇದು ಮುಟ್ಟುವಷ್ಟರಲ್ಲಿ ಅವಳು ಬ್ರೆಡ್ ಸುಟ್ಟಾಗಿರುತ್ತದೆ. ಇನ್ನು ಸುಡಬೇಡ ಅಂತ ಹೇಳು.

ನಿನ್ನೆ ನಿನ್ನದು ಪಾಸಾಗಿರುತ್ತದೆ, ಅದು ನನಗೆ ಗೊತ್ತು. ನನ್ನದು ಫೇಲು, ಇನ್ನೂ ಮೈಯಲ್ಲಿ ಇದೆಯಂತೆ. ಚೀಟಿಯ ಮೇಲುಗಡೆ ಟೈಪ್ ಮಾಡಿದ್ದಾರೆ, ನೋಡು: ಲೋವೆಲ್ ಟ್ವೆಟ್. ಈ ಚಟ ಒಂದು ಕಾಗದದ ಮೇಲೆ ನನ್ನ ಹೆಸರಿನಲ್ಲಿ ಬಿದ್ದದ್ದು ಇದೇ ಮೊದಲು.

ನಿನ್ನ ಅಣ್ಣ